ಗುಂಡೇಟು ತಿಂದ ಫಲಕಗಳ ಹಾದಿಯಲ್ಲಿ ನಾಲ್ಕು ದಿನ

ಅಮೆರಿಕದ ಮೆಂಫಿಸ್ ನಗರದಲ್ಲಿ ಹನ್ನೊಂದು ವರ್ಷಗಳಿಂದ ಮನೆ ಮಾಡಿಕೊಂಡಿದ್ದರೂ ಅಲ್ಲಿಂದ ಸುಮಾರು ಎರಡು ಗಂಟೆಯ ದಾರಿಯಲ್ಲಿರುವ ಸಮ್ನರ್ ಎಂಬ ಊರಿಗೆ ನಾನು ಒಮ್ಮೆಯೂ ಹೋಗಿರಲಿಲ್ಲ. ಊರಿನಿಂದ ಯಾರಾದರೂ ಬಂದರೆ ಮಾರ್ಟಿನ್ ಲೂಥರ್ ಕಿಂಗ್ ಅವರು 1968ರಲ್ಲಿ ಗುಂಡಿಗೆ ಬಲಿಯಾದ ಲೊರೇನ್ ಮೋಟೆಲ್ ತೋರಿಸಿ, ಎಲ್ವಿಸ್ ಪ್ರೀಸ್ಲಿಯ ಮನೆಯ ಮುಂದೆ ಫೋಟೋ ತೆಗೆಸಿ ಕಳುಹಿಸಿಕೊಡುವುದು ನಮ್ಮ ಮನೆಯ ಪದ್ಧತಿ. ಈ ಸಲ ಬಂದವರು ಅಕ್ಕ ಮತ್ತು ಭಾವ. ಹಾಸನ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಮೂವತ್ತು ವರ್ಷ ಸಮಾಜ ಪಾಠ ಹೇಳಿ ನಿವೃತ್ತರಾದ ಭಾವನಿಗೆ, ಎಲ್ಲಿಗೆ ಹೋದರೂ ಬರೆದು ನಿಲ್ಲಿಸಿದ್ದನ್ನು ನಿಂತು ಓದುವ ಚಟ. ದೇವಸ್ಥಾನಕ್ಕೆ ಹೋದರೆ ದೇವರ ದರ್ಶನಕ್ಕಿಂತ ಮೊದಲು ಅಂಗಳದ ಶಾಸನದ ಕಲ್ಲನ್ನು ಸವರುವವರು ಅವರು. ಹೆದ್ದಾರಿಯ ಬದಿಯಲ್ಲಿ ಕಂಬದ ಮೇಲೆ ನಿಂತ ಲೋಹದ ಇತಿಹಾಸ ಫಲಕಗಳನ್ನು ಕಾರಿನ ಕಿಟಕಿಯಿಂದ ಕಂಡಾಗಿನಿಂದ, ‘ಇವನ್ನು ಓದದೆ ಮುಂದೆ ಹೋಗುತ್ತೀರಲ್ಲ’ ಎಂದು ದಿನಕ್ಕೊಮ್ಮೆ ಆಕ್ಷೇಪಿಸುತ್ತಿದ್ದರು. ಕೊನೆಗೆ ಅಕ್ಟೋಬರ್ ಕೊನೆಯ ವಾರ ನಾಲ್ಕು ದಿನ ರಜೆ ಹಾಕಿ, ಅಕ್ಕನನ್ನು ನನ್ನ ಹೆಂಡತಿಯ ಜೊತೆ ಬಿಟ್ಟು, ನಾವಿಬ್ಬರೇ ಹೊರಟೆವು. ಭಾವ ಇನ್ನೂರು ಪುಟದ ನೋಟ್‌ಪುಸ್ತಕವೊಂದನ್ನು ಕೊಂಡು, ಪ್ರತಿ ಪುಟಕ್ಕೂ ಗೆರೆ ಎಳೆದು ನಾಲ್ಕು ಕಾಲಮ್ ಮಾಡಿಕೊಂಡಿದ್ದರು: ಸ್ಥಳ, ಕಾಲ, ಬರೆಸಿದವರು, ಸ್ಥಿತಿ.

ಮೊದಲ ದಿನ

ಮೆಂಫಿಸ್ ದಾಟಿ 61ನೆಯ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಇಳಿಯುತ್ತಿದ್ದಂತೆ ನೆಲ ಮಟ್ಟಸವಾಗಿಬಿಡುತ್ತದೆ. ಮಿಸಿಸಿಪ್ಪಿ ಮತ್ತು ಯಾಜೂ ನದಿಗಳ ನಡುವಿನ ಈ ಮೆಕ್ಕಲು ಬಯಲಿಗೆ ಡೆಲ್ಟಾ ಎಂದು ಹೆಸರು. ನದಿ ಸಮುದ್ರ ಸೇರುವ ಜಾಗ ಇಲ್ಲಿಂದ ನೂರಾರು ಕಿಲೋಮೀಟರ್ ದೂರದಲ್ಲಿದೆ. ಹತ್ತಿ ಕೊಯ್ಲಿನ ಕಾಲವಾದ್ದರಿಂದ ಹೊಲಗಳ ಅಂಚಿನಲ್ಲಿ ಪ್ಲಾಸ್ಟಿಕ್ ಸುತ್ತಿದ ದೊಡ್ಡ ಉರುಳೆಗಳು ಸಾಲಾಗಿ ಬಿದ್ದಿದ್ದವು, ರಸ್ತೆಯ ಬದಿಯ ಹುಲ್ಲಿಗೆಲ್ಲ ಹತ್ತಿಯ ಚೂರುಗಳು ಸಿಕ್ಕಿಕೊಂಡಿದ್ದವು. ಯಂತ್ರ ಬರುವವರೆಗೆ ಈ ಹತ್ತಿಯನ್ನು ಬಿಡಿಸಿದ ಕೈಗಳು ಯಾರವು ಎಂಬುದರಲ್ಲೇ ಈ ಸೀಮೆಯ ಮುಕ್ಕಾಲು ಇತಿಹಾಸವಿದೆ.

ಮಿಸಿಸಿಪ್ಪಿ ರಾಜ್ಯದಲ್ಲಿ ಫಲಕಗಳಿಗೂ ಕುಲಗೋತ್ರಗಳಿವೆ ಎಂಬುದು ಆ ದಿನವೇ ಅರ್ಥವಾಯಿತು. ರಾಜ್ಯದ ಪತ್ರಾಗಾರ ಮತ್ತು ಇತಿಹಾಸ ಇಲಾಖೆ 1949ರಿಂದ ನೆಡುತ್ತ ಬಂದಿರುವ ಹಸಿರು ಫಲಕಗಳ ನೆತ್ತಿಯ ಮೇಲೆ ಮ್ಯಾಗ್ನೋಲಿಯಾ ಹೂವಿರುತ್ತದೆ. 2006ರಲ್ಲಿ ಆರಂಭವಾದ ಬ್ಲೂಸ್ ಸಂಗೀತದ ಹಾದಿಯ ನೀಲಿ ಫಲಕಗಳು ಈಗ ಇನ್ನೂರನ್ನು ಮೀರಿವೆ. ನಾಗರಿಕ ಹಕ್ಕುಗಳ ಹೋರಾಟವನ್ನು ಗುರುತಿಸುವ ‘ಫ್ರೀಡಂ ಟ್ರೇಲ್’ ಫಲಕಗಳು 2011ರಿಂದ ಈಚಿನವು. ಸಂಗೀತಕ್ಕೆ ಮೊದಲು, ಹೋರಾಟಕ್ಕೆ ಆಮೇಲೆ ಫಲಕ ಸಿಕ್ಕಿತು ಎಂಬ ಕ್ರಮವನ್ನು ಭಾವ ಗುರುತು ಹಾಕಿಕೊಂಡರು. ಹಾಡಿದವರನ್ನು ಒಪ್ಪಿಕೊಳ್ಳುವುದು ಊರುಗಳಿಗೆ ಸುಲಭ, ಪ್ರವಾಸಿಗರೂ ಬರುತ್ತಾರೆ.

ಕ್ಲಾರ್ಕ್ಸ್‌ಡೇಲ್‌ನಲ್ಲಿ ಊಟ ಮುಗಿಸಿ, 49ನೆಯ ಹೆದ್ದಾರಿ ಹಿಡಿದು ಟಟ್‌ವೈಲರ್ ತಲುಪುವಾಗ ಬಿಸಿಲು ಇಳಿದಿತ್ತು. 1903ರ ಸುಮಾರಿಗೆ ಇಲ್ಲಿನ ರೈಲು ನಿಲ್ದಾಣದಲ್ಲಿ ಗಾಡಿಗೆ ಕಾಯುತ್ತಿದ್ದ ಡಬ್ಲ್ಯು.ಸಿ. ಹ್ಯಾಂಡಿ ಎಂಬ ಸಂಗೀತಗಾರ, ಗಿಟಾರಿನ ತಂತಿಗೆ ಚಾಕು ಒತ್ತಿ ನುಡಿಸುತ್ತಿದ್ದ ಒಬ್ಬ ಕಪ್ಪು ಮನುಷ್ಯನ ಹಾಡು ಕೇಳಿದನೆಂದೂ ಅದರಿಂದಲೇ ಬ್ಲೂಸ್ ಹೊರಗಿನ ಲೋಕಕ್ಕೆ ಪರಿಚಯವಾಯಿತೆಂದೂ ಇಲ್ಲಿಯವರು ಹೆಮ್ಮೆಪಡುತ್ತಾರೆ. ಆದರೆ ನಾವು ಹುಡುಕುತ್ತಿದ್ದುದು ಊರಿನ ಇನ್ನೊಂದು ನೆನಪನ್ನು. 1955ರ ಆಗಸ್ಟ್ ಕೊನೆಯಲ್ಲಿ, ತಲ್ಲಹಾಚಿ ನದಿಯಿಂದ ಎತ್ತಿದ ಹದಿನಾಲ್ಕು ವರ್ಷದ ಹುಡುಗನೊಬ್ಬನ ಶವವನ್ನು ಶಿಕಾಗೋಗೆ ಸಾಗಿಸುವ ಮೊದಲು ಸಿದ್ಧಪಡಿಸಿದ್ದು ಈ ಪುಟ್ಟ ಊರಿನ ಅಂತ್ಯಕ್ರಿಯೆಯ ಅಂಗಡಿಯಲ್ಲಿ.

ಆ ಹುಡುಗ ಎಮ್ಮೆಟ್ ಟಿಲ್. 1941ರ ಜುಲೈ 25ರಂದು ಹುಟ್ಟಿ ಶಿಕಾಗೋದಲ್ಲಿ ಬೆಳೆದವನು, ಬೇಸಿಗೆ ರಜೆಗೆಂದು ಡೆಲ್ಟಾದ ಬಂಧುಗಳ ಮನೆಗೆ ಬಂದಿದ್ದ. ಆಗಸ್ಟ್ 24ರಂದು ಮನಿ ಎಂಬ ಹಳ್ಳಿಯ ಬ್ರಯಂಟ್ ದಿನಸಿ ಅಂಗಡಿಗೆ ಬಬಲ್‌ಗಮ್ ಕೊಳ್ಳಲು ಹೋದಾಗ, ಅಂಗಡಿಯಲ್ಲಿದ್ದ ಬಿಳಿಯ ಹೆಂಗಸಿನತ್ತ ಸಿಳ್ಳೆ ಹಾಕಿದನೆಂಬುದು ಅವನ ಮೇಲೆ ಬಂದ ಆರೋಪ. ಆಗಸ್ಟ್ 28ರ ನಡುರಾತ್ರಿ ಕಳೆದ ಮೇಲೆ ಆಕೆಯ ಗಂಡ ರಾಯ್ ಬ್ರಯಂಟ್ ಮತ್ತು ಅವನ ಮಲಸಹೋದರ ಜೆ.ಡಬ್ಲ್ಯು. ಮೈಲಮ್ ಹುಡುಗನನ್ನು ಅಜ್ಜನ ವಯಸ್ಸಿನ ಬಂಧು ಮೋಸ್ ರೈಟ್ ಅವರ ಮನೆಯಿಂದ ಎಳೆದೊಯ್ದರು. ಮೂರು ದಿನಗಳ ಮೇಲೆ ಶವ ನದಿಯಲ್ಲಿ ಸಿಕ್ಕಿತು. ಹತ್ತಿ ಗಿರಣಿಯ ಸುಮಾರು 34 ಕಿಲೋ ತೂಕದ ಲೋಹದ ಫ್ಯಾನನ್ನು ಮುಳ್ಳುತಂತಿಯಿಂದ ಅವನ ಕೊರಳಿಗೆ ಕಟ್ಟಲಾಗಿತ್ತು. ಶವವನ್ನು ತರಾತುರಿಯಲ್ಲಿ ಇಲ್ಲೇ ಹೂಳಿಸಲು ಷೆರಿಫ್ ಹವಣಿಸಿದ್ದ, ಗುಂಡಿಯನ್ನೂ ತೋಡಲಾಗಿತ್ತು. ತಾಯಿ ಮೇಮಿ ಟಿಲ್ ಹಟ ಹಿಡಿದು ಮಗನನ್ನು ಶಿಕಾಗೋಗೆ ತರಿಸಿಕೊಂಡು, ಗುರುತು ಸಿಗದಂತಾಗಿದ್ದ ಆ ಮುಖವನ್ನು ಮುಚ್ಚಲು ಒಪ್ಪದೆ, ಸೆಪ್ಟೆಂಬರ್ 3ರಿಂದ 6ರವರೆಗೆ ಪೆಟ್ಟಿಗೆಯನ್ನು ತೆರೆದೇ ಇಡಿಸಿದರು. ಹತ್ತಾರು ಸಾವಿರ ಜನ ಸಾಲಾಗಿ ಬಂದು ನೋಡಿದರು. ‘ಜೆಟ್’ ಪತ್ರಿಕೆ ಆ ಚಿತ್ರವನ್ನು ಅಚ್ಚು ಹಾಕಿತು.

ಟಟ್‌ವೈಲರ್‌ನ ಆ ಜಾಗವನ್ನು ಗುರುತಿಸುವ ಫಲಕವನ್ನು ಓದಿ ಮುಗಿಸುವಷ್ಟರಲ್ಲಿ ಕತ್ತಲಾಗಿತ್ತು. ರಾತ್ರಿಗೆ ಕ್ಲಾರ್ಕ್ಸ್‌ಡೇಲ್‌ಗೇ ಹಿಂದಿರುಗಿದೆವು, ಏಕೆಂದರೆ ಮುಂದಿನ ಊರುಗಳಲ್ಲಿ ಉಳಿಯುವ ವ್ಯವಸ್ಥೆ ನಮಗೆ ಸಿಕ್ಕಿರಲಿಲ್ಲ.

ಎರಡನೆಯ ದಿನ

ಟಟ್‌ವೈಲರ್‌ನಲ್ಲಿ 49ನೆಯ ಹೆದ್ದಾರಿ ಪೂರ್ವ, ಪಶ್ಚಿಮ ಎಂದು ಕವಲೊಡೆಯುತ್ತದೆ. ಪೂರ್ವದ ಕವಲಿನಲ್ಲಿ ಇಲ್ಲಿಂದ ಗ್ರೀನ್‌ವುಡ್‌ವರೆಗಿನ ಸುಮಾರು 50 ಕಿಲೋಮೀಟರಿಗೆ 2005ರಲ್ಲಿ ಎಮ್ಮೆಟ್ ಟಿಲ್ ಸ್ಮಾರಕ ಹೆದ್ದಾರಿ ಎಂದು ಹೆಸರಿಡಲಾಯಿತು. ಕೊಲೆಗೂ ಹೆಸರಿಗೂ ನಡುವೆ ಐವತ್ತು ವರ್ಷ.

ಸಮ್ನರ್ ಮುನ್ನೂರರ ಆಸುಪಾಸಿನ ಜನವಸತಿಯ ಊರು. ಹಾಗಿದ್ದೂ ತಲ್ಲಹಾಚಿ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ವಿಭಾಗದ, ಎರಡು ಆಡಳಿತ ಕೇಂದ್ರಗಳಲ್ಲಿ ಇದೊಂದು, ಇನ್ನೊಂದು ಚಾರ್ಲ್‌ಸ್ಟನ್. ಚೌಕದ ನಡುವೆ ಕೆಂಪಿಟ್ಟಿಗೆಯ ಕೋರ್ಟು ಕಟ್ಟಡ, ಅದರ ಸುತ್ತ ಒಂದಂತಸ್ತಿನ ಅಂಗಡಿಗಳು, ಒಂದು ಬದಿಗೆ ಕ್ಯಾಸಿಡಿ ಬಾಯೂ ಎಂಬ ನಿಧಾನಗತಿಯ ಹಳ್ಳ. ಬೆಳಗಿನ ಒಂಬತ್ತಕ್ಕೆ ಅಲ್ಲಿ ನಾವಿಬ್ಬರು, ಒಂದು ನಾಯಿ ಮತ್ತು ಅಂಚೆಯ ಬಂಡಿ ಬಿಟ್ಟರೆ ಬೇರೆ ಚಲನೆ ಇರಲಿಲ್ಲ. 1955ರಲ್ಲಿ ಊರಿನ ಬಾಗಿಲಲ್ಲಿದ್ದ ಸ್ವಾಗತ ಫಲಕದ ಮೇಲೆ ‘ಗಂಡುಮಗುವನ್ನು ಬೆಳೆಸಲು ಒಳ್ಳೆಯ ಊರು’ ಎಂಬ ಅರ್ಥದ ಘೋಷವಾಕ್ಯವಿತ್ತು. ವಿಚಾರಣೆಗೆ ಬಂದ ಪರವೂರ ಪತ್ರಕರ್ತರು ಮೊದಲು ಬರೆದುಕೊಂಡ ಸಾಲುಗಳಲ್ಲಿ ಅದೂ ಒಂದು. ಒಂದು ಊರಿನ ಫಲಕ ತನ್ನ ಊರಿಗೇ ಸಾಕ್ಷಿ ಹೇಳಿದ ಸಂದರ್ಭಗಳಲ್ಲಿ ಇದಕ್ಕಿಂತ ಕಠೋರವಾದುದು ನನಗೆ ಗೊತ್ತಿಲ್ಲ.

ಕೋರ್ಟಿನ ಹುಲ್ಲುಹಾಸಿನಲ್ಲಿ ಎರಡು ಸ್ಮಾರಕಗಳಿವೆ. ಒಂದು 1913ರಲ್ಲಿ ನಿಲ್ಲಿಸಿದ ಕಾನ್ಫೆಡರೇಟ್ ಸೈನಿಕನ ಪ್ರತಿಮೆ. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಒಕ್ಕೂಟದಿಂದ ಸಿಡಿದು 1861ರಿಂದ 65ರವರೆಗೆ ಕಾದಾಡಿ ಸೋತ ಪಕ್ಷದ ಸೈನಿಕ ಅವನು. ಇನ್ನೊಂದು, ಮ್ಯಾಗ್ನೋಲಿಯಾ ಹೂವಿನ ಹಸಿರು ಫಲಕ. ಬಿಳಿಯರೇ ಇದ್ದ ಜ್ಯೂರಿ (ತೀರ್ಪು ಹೇಳಲು ಆರಿಸಿದ ಸಾಮಾನ್ಯ ನಾಗರಿಕರ ಮಂಡಳಿ) ಈ ಕಟ್ಟಡದಲ್ಲಿ ಇಬ್ಬರು ಬಿಳಿಯರನ್ನು ಟಿಲ್ ಕೊಲೆಯ ಆರೋಪದಿಂದ ಬಿಡುಗಡೆ ಮಾಡಿತು, ಆಮೇಲೆ ಇಬ್ಬರೂ ಪತ್ರಿಕೆಯೊಂದರಲ್ಲಿ ಕೊಲೆಯನ್ನು ಒಪ್ಪಿಕೊಂಡರು, ಈ ಘಟನೆ ನಾಗರಿಕ ಹಕ್ಕುಗಳ ಚಳವಳಿಗೆ ಚೇತನ ನೀಡಿತು ಎಂದು ಅದು ಬಿಗಿಯಾದ ಕೆಲವೇ ವಾಕ್ಯಗಳಲ್ಲಿ ಹೇಳುತ್ತದೆ. ಅದು ಬಂದದ್ದು 2007ರಲ್ಲಿ. ಅಂದರೆ ಅದಕ್ಕೆ ಮುಂಚಿನ ಐವತ್ತೆರಡು ವರ್ಷ, ಈ ಹುಲ್ಲುಹಾಸಿನಲ್ಲಿ ನಿಂತವನಿಗೆ ಇಲ್ಲಿ ನೆನೆಯತಕ್ಕದ್ದು 1861ರ ಯುದ್ಧವೊಂದೇ ಎಂದು ತೋರುತ್ತಿತ್ತು. ಭಾವ ಎರಡನ್ನೂ ನೋಟ್‌ಪುಸ್ತಕಕ್ಕೆ ಹತ್ತಿಸಿದರು. ‘ಸ್ಥಿತಿ’ ಎಂಬ ಕಾಲಮಿನಲ್ಲಿ ಎರಡಕ್ಕೂ ‘ಅಕ್ಷರ ಸ್ಪಷ್ಟ’ ಎಂದೇ ಬರೆದರು.

ಚೌಕದ ಎದುರು ಬದಿಯ ಎಮ್ಮೆಟ್ ಟಿಲ್ ಇಂಟರ್‌ಪ್ರಿಟಿವ್ ಸೆಂಟರಿಗೆ ಮೊದಲೇ ತಿಳಿಸಿದ್ದರಿಂದ, ಅಲ್ಲಿಯ ಮಾರ್ಗದರ್ಶಿಯೊಬ್ಬರು ನಮ್ಮನ್ನೂ ಇನ್ನೊಂದು ಕುಟುಂಬವನ್ನೂ ಕೋರ್ಟಿನ ಮಹಡಿಗೆ ಕರೆದೊಯ್ದರು. ವಿಚಾರಣಾ ಕೊಠಡಿಯನ್ನು 1955ರಲ್ಲಿ ಇದ್ದಂತೆಯೇ ಜೀರ್ಣೋದ್ಧಾರ ಮಾಡಿದ್ದಾರೆ. ಕೊಠಡಿ ನಾನು ಊಹಿಸಿದ್ದಕ್ಕಿಂತ ಚಿಕ್ಕದು. ಸಾಕ್ಷಿಯ ಕುರ್ಚಿಯಿಂದ ಆರೋಪಿಗಳ ಕುರ್ಚಿಗೆ ಕೆಲವೇ ಹೆಜ್ಜೆಗಳ ಅಂತರವಿದೆ, ಮತ್ತು ಆ ಅಂತರವನ್ನು ಕಣ್ಣಾರೆ ಕಂಡ ಮೇಲೆಯೇ ಅರುವತ್ತನಾಲ್ಕು ವರ್ಷದ ಮೋಸ್ ರೈಟ್ ಮಾಡಿದ್ದು ಎಂಥದ್ದೆಂದು ನನಗೆ ತಿಳಿದದ್ದು. ಸೆಪ್ಟೆಂಬರ್ ಸೆಕೆಯಲ್ಲಿ ಕಿಕ್ಕಿರಿದ ಈ ಕೊಠಡಿಯಲ್ಲಿ, ಬಿಳಿಯರ ಹೊಲದಲ್ಲಿ ಪಾಲಿಗೆ ದುಡಿಯುವ ಕಪ್ಪು ಮನುಷ್ಯ ಎದ್ದು ನಿಂತು, ತನ್ನ ಮನೆಯಿಂದ ಹುಡುಗನನ್ನು ಒಯ್ದವನು ಇವನೇ ಎಂದು ಬಿಳಿಯನೊಬ್ಬನತ್ತ ಬೆರಳು ಚಾಚಿದ. ಹದಿನೆಂಟರ ವಿಲ್ಲಿ ರೀಡ್ ಕೂಡ ತಾನು ಕಂಡು ಕೇಳಿದ್ದನ್ನು ಹೇಳಿದ. ಸಾಕ್ಷಿ ಹೇಳಿದ ಮೇಲೆ ಇಬ್ಬರೂ ಮಿಸಿಸಿಪ್ಪಿ ಬಿಡಬೇಕಾಯಿತು. ಕಪ್ಪು ಪತ್ರಕರ್ತರನ್ನೂ, ಮಿಶಿಗನ್‌ನಿಂದ ಬಂದಿದ್ದ ಕಪ್ಪು ಸಂಸದ ಚಾರ್ಲ್ಸ್ ಡಿಗ್ಸ್ ಅವರನ್ನೂ ಕೂರಿಸಿದ್ದು ಬದಿಗೆ ಹಾಕಿದ ಒಂದು ಇಸ್ಪೀಟು ಮೇಜಿನ ಸುತ್ತ.

ಐದು ದಿನ ನಡೆದ ವಿಚಾರಣೆಯ ತೀರ್ಪು ಸೆಪ್ಟೆಂಬರ್ 23ರಂದು ಬಂತು. ಹನ್ನೆರಡು ಜನರ ಜ್ಯೂರಿ 67 ನಿಮಿಷದಲ್ಲಿ ಹೊರಗೆ ಬಂದಿತು. ನಡುವೆ ಸೋಡಾ ಕುಡಿಯದಿದ್ದರೆ ಅಷ್ಟೂ ಹೊತ್ತು ಹಿಡಿಯುತ್ತಿರಲಿಲ್ಲವೆಂದು ಅವರಲ್ಲೊಬ್ಬರು ಆಮೇಲೆ ಹೇಳಿದ್ದು ಪ್ರಸಿದ್ಧವಾಗಿದೆ. ಜ್ಯೂರಿಗೆ ಹೆಸರು ಆರಿಸುತ್ತಿದ್ದುದು ಮತದಾರರ ಪಟ್ಟಿಯಿಂದ; ಜನಸಂಖ್ಯೆಯಲ್ಲಿ ಕಪ್ಪು ಜನರೇ ಹೆಚ್ಚಾಗಿದ್ದ ಈ ಕೌಂಟಿಯ ಪಟ್ಟಿಯಲ್ಲಿ ಒಬ್ಬ ಕಪ್ಪು ಮತದಾರನೂ ಇರಲಿಲ್ಲ. ಹೆಂಗಸರಿಗಂತೂ ಮಿಸಿಸಿಪ್ಪಿಯಲ್ಲಿ 1968ರವರೆಗೆ ಜ್ಯೂರಿಯಲ್ಲಿ ಕೂರುವ ಹಕ್ಕೇ ಇರಲಿಲ್ಲ. ಪ್ರತಿವಾದಿಗಳ ಪರವಾಗಿ ಸಮ್ನರ್‌ನ ಐವರು ವಕೀಲರೂ, ಅಂದರೆ ಊರಿನಲ್ಲಿದ್ದ ಅಷ್ಟೂ ವಕೀಲರು, ನಿಂತಿದ್ದರು. ಒಮ್ಮೆ ಬಿಡುಗಡೆಯಾದ ಆರೋಪಕ್ಕೆ ಮತ್ತೆ ವಿಚಾರಣೆ ಇಲ್ಲವೆಂಬ ನಿಯಮವಿದ್ದುದರಿಂದ, 1956ರ ಜನವರಿಯಲ್ಲಿ ‘ಲುಕ್’ ಪತ್ರಿಕೆಯಿಂದ ಹಣ ಪಡೆದು ಬ್ರಯಂಟ್ ಮತ್ತು ಮೈಲಮ್ ತಾವು ಹೇಗೆ ಕೊಂದೆವೆಂಬುದನ್ನು ಹೇಳಿಕೊಂಡರು.

ಆಮೇಲೆ ಊರು ಬಾಯಿ ಹೊಲಿದುಕೊಂಡು ಕುಳಿತಿತು. ಆ ಹೊಲಿಗೆ ಬಿಚ್ಚಿದವರು ಜೆರೋಮ್ ಲಿಟಲ್, ಕೌಂಟಿಯ ಆಡಳಿತ ಮಂಡಳಿಗೆ ಅಧ್ಯಕ್ಷರಾದ ಮೊದಲ ಕಪ್ಪು ಮನುಷ್ಯ. ಅವರ ಮುಂದಾಳುತನದಲ್ಲಿ 2006ರಲ್ಲಿ ಕಪ್ಪು ಜನರೂ ಬಿಳಿಯರೂ ಸೇರಿದ ಎಮ್ಮೆಟ್ ಟಿಲ್ ಸ್ಮಾರಕ ಆಯೋಗ ರಚನೆಯಾಯಿತು. 2007ರ ಅಕ್ಟೋಬರ್ 2ರಂದು ಇದೇ ಕೋರ್ಟಿನ ಮುಂದೆ ಟಿಲ್ ಕುಟುಂಬದವರ ಎದುರು ಕೌಂಟಿಯ ಜನರ ಪರವಾಗಿ ಒಂದು ಠರಾವನ್ನು ಓದಲಾಯಿತು. ಸತ್ಯ ಹೇಳುವುದರಿಂದಲೇ ಜನಾಂಗಗಳ ನಡುವಿನ ಸಂಧಾನ ಶುರುವಾಗುತ್ತದೆಂದು ನಂಬುತ್ತೇವೆ ಎಂಬುದು ಅದರ ಮೊದಲ ವಾಕ್ಯದ ತಾತ್ಪರ್ಯ. ಆ ಠರಾವಿನ ಪ್ರತಿಯನ್ನು ನಮ್ಮ ಕೈಗೆ ಕೊಟ್ಟು, ಒಬ್ಬೊಬ್ಬರೂ ಒಂದೊಂದು ವಾಕ್ಯವನ್ನು ಗಟ್ಟಿಯಾಗಿ ಓದಬೇಕೆಂದು ಮಾರ್ಗದರ್ಶಿ ಕೇಳಿದರು. ಬಂದವರಿಂದೆಲ್ಲ ಹೀಗೆ ಓದಿಸುವುದು ಇಲ್ಲಿಯ ರೂಢಿ. ಭಾವ ತಮ್ಮ ಪಾಲಿನ ವಾಕ್ಯವನ್ನು ತರಗತಿಯಲ್ಲಿ ಓದುವಂತೆ ನಿಧಾನವಾಗಿ, ಪದ ಪದ ಬಿಡಿಸಿ ಓದಿದರು. ಜ್ಯೂರಿಯ ಕುರ್ಚಿಗಳಲ್ಲಿ ಕುಳಿತು ಅದನ್ನು ಓದುವಾಗ ನನ್ನ ಗಂಟಲು ಕಟ್ಟಿತೆಂದರೆ ಉತ್ಪ್ರೇಕ್ಷೆಯಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ, ಹನ್ನೊಂದು ವರ್ಷ ಎರಡು ಗಂಟೆಯ ದೂರದಲ್ಲಿದ್ದು ಇಲ್ಲಿಗೆ ಬಾರದಿದ್ದುದಕ್ಕೆ ನಾಚಿಕೆಯಾಯಿತು.

ಕೆಳಗೆ ಇಳಿದ ಮೇಲೆ ಭಾವ ಕೇಳಿದರು, “ಅಲ್ಲಯ್ಯಾ, ಆ ಸೈನಿಕನ ಬೊಂಬೆಯನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದಾರೆ?”

“ತೆಗೆಯಲು ಎಲ್ಲರೂ ಒಪ್ಪಬೇಕಲ್ಲ ಭಾವ” ಎಂದೆ.

“ಇರಲಿ ಬಿಡು. ಅದೂ ಒಂದು ದಾಖಲೆಯೇ. 1913ರಲ್ಲಿ ಯಾರ ಕೈಯಲ್ಲಿ ದುಡ್ಡಿತ್ತು, ಯಾರ ಕೈಯಲ್ಲಿ ಇರಲಿಲ್ಲ ಅನ್ನುವುದಕ್ಕೆ” ಎಂದು ಪುಸ್ತಕ ಮುಚ್ಚಿದರು.

ಮೂರನೆಯ ದಿನ

ರಾತ್ರಿಯಿಡೀ ಮಳೆ ಸುರಿದಿತ್ತು. ಸಮ್ನರ್‌ನಿಂದ ದಕ್ಷಿಣಕ್ಕೆ ವೆಬ್ ದಾಟಿದರೆ ಗ್ಲೆಂಡೋರಾ. ರೈಲು ಹಳಿಯ ಎರಡೂ ಬದಿಗೆ ಚದುರಿದ, ಬಡತನವನ್ನು ಮರೆಮಾಚಲಾರದ ಊರು. ಮೈಲಮ್ ವಾಸವಾಗಿದ್ದುದು ಇಲ್ಲಿಯೇ. ಟಿಲ್ ಕೊರಳಿಗೆ ಕಟ್ಟಿದ ಫ್ಯಾನ್ ಇಲ್ಲಿನ ಹತ್ತಿ ಗಿರಣಿಯದೇ ಎಂದು ಊರಿನವರು ಹೇಳುತ್ತಾರೆ, ಆ ಹಳೆಯ ಗಿರಣಿಯಲ್ಲೇ ಈಗ ವಸ್ತುಸಂಗ್ರಹಾಲಯವಿದೆ. ಹಾರ್ಮೋನಿಕಾ ವಾದಕ ಎರಡನೆಯ ಸನ್ನಿ ಬಾಯ್ ವಿಲಿಯಮ್ಸನ್‌ಗಾಗಿ ನಿಲ್ಲಿಸಿದ ಬ್ಲೂಸ್ ಹಾದಿಯ ಫಲಕವೂ ಈ ಊರಿನಲ್ಲಿದೆ.

ಗ್ಲೆಂಡೋರಾದಲ್ಲಿ ನನ್ನ ಮನಸ್ಸು ನಿಂತದ್ದು ಕ್ಲಿಂಟನ್ ಮೆಲ್ಟನ್ ಎಂಬ ಹೆಸರಿನ ಬಳಿ. ಟಿಲ್ ತೀರ್ಪು ಬಂದು ಮೂರು ತಿಂಗಳೂ ಆಗಿರಲಿಲ್ಲ, 1955ರ ಡಿಸೆಂಬರಿನಲ್ಲಿ, ಇಲ್ಲಿನ ಪೆಟ್ರೋಲ್ ಬಂಕಿನಲ್ಲಿ ಕೆಲಸಕ್ಕಿದ್ದ ಮೆಲ್ಟನ್‌ನನ್ನು ಮೈಲಮ್‌ನ ಗೆಳೆಯನೊಬ್ಬ ಪೆಟ್ರೋಲಿನ ಲೆಕ್ಕದ ಜಗಳದಲ್ಲಿ ಗುಂಡಿಕ್ಕಿ ಕೊಂದ. ವಿಚಾರಣೆಗೆ ಕೆಲವೇ ದಿನಗಳ ಮೊದಲು ಮೆಲ್ಟನ್‌ನ ಹೆಂಡತಿ ಬ್ಯೂಲಾ ಕಾರಿನ ಸಮೇತ ನೀರಿಗೆ ಬಿದ್ದು ಸತ್ತರು. 1956ರ ಮಾರ್ಚಿನಲ್ಲಿ ಸಮ್ನರ್‌ನ ಅದೇ ಕೋರ್ಟು ಕೊಲೆಗಾರನನ್ನು ಬಿಟ್ಟುಕಳುಹಿಸಿತು. ಮೆಲ್ಟನ್ ಊರಿನವನು, ಬಿಳಿಯರಿಗೂ ಬೇಕಾದವನು, ಶಿಕಾಗೋದಿಂದ ಬಂದವನಲ್ಲ, ಯಾರತ್ತಲೂ ಸಿಳ್ಳೆ ಹಾಕಿದವನಲ್ಲ. ಆದರೂ ಫಲ ಒಂದೇ ಆಯಿತು. ಟಿಲ್ ಹೆಸರು ಜಗತ್ತಿಗೆ ಗೊತ್ತಾದುದಕ್ಕೆ ಅವನ ತಾಯಿ ಪೆಟ್ಟಿಗೆ ತೆರೆದಿಟ್ಟದ್ದು ಕಾರಣ. ಮೆಲ್ಟನ್ ಮಕ್ಕಳಿಗೆ ಹಾಗೆ ಹಟ ಹಿಡಿಯುವ ತಾಯಿಯೂ ಉಳಿಯಲಿಲ್ಲ.

ಅಲ್ಲಿಂದ ಗ್ರಾಬಾಲ್ ಲ್ಯಾಂಡಿಂಗ್‌ಗೆ ಹೊರಟೆವು. ಉಗಿದೋಣಿಗಳ ಕಾಲದಲ್ಲಿ ಸರಕು ಇಳಿಸುತ್ತಿದ್ದ ಈ ನದೀತೀರವನ್ನು, ಟಿಲ್ ಶವ ಸಿಕ್ಕ ಜಾಗವೆಂದು ಆಯೋಗ ಗುರುತಿಸಿದೆ. ನಿಜವಾದ ಜಾಗ ಇನ್ನೂ ಕೆಳಪಾತ್ರದಲ್ಲಿತ್ತೆಂದು ವಾದಿಸುವ ಇತಿಹಾಸಕಾರರೂ ಇದ್ದಾರೆ. ಡಾಂಬರು ಮುಗಿದು ಜಲ್ಲಿಯ ದಾರಿ ಶುರುವಾದಾಗಲೇ ನಾನು ಹಿಂದಿರುಗಬೇಕಿತ್ತು. ಎದುರು ಬಂದ ಲಾರಿಗೆ ದಾರಿ ಬಿಡಲು ಬದಿಗೆ ಸರಿದದ್ದೇ ತಡ, ಬಲಗಡೆಯ ಎರಡೂ ಚಕ್ರ ಕಪ್ಪು ಜೇಡಿಗೆ ಇಳಿದವು. ಎರೆಮಣ್ಣು ಹೇಗೆ ಕಾಲು ಹಿಡಿಯುತ್ತದೆಂದು ಬಯಲುಸೀಮೆಯವರಿಗೆ ಹೇಳಬೇಕಾಗಿಲ್ಲ. ಇದು ಅದರ ದೊಡ್ಡಣ್ಣ. ನಾನು ಆಕ್ಸಿಲರೇಟರ್ ಒತ್ತಿದಷ್ಟೂ ಕಾರು ಕುಸಿಯಿತು. ಭಾವ ಇಳಿದು ಹತ್ತಿಕಡ್ಡಿ ಆರಿಸಿ ಚಕ್ರದಡಿ ತುರುಕಿದರು, ಅವರ ಬೂಟು ಮಣ್ಣಿನಲ್ಲೇ ಉಳಿಯಿತು. ಮುಕ್ಕಾಲು ಗಂಟೆಯ ಮೇಲೆ ಟ್ರ್ಯಾಕ್ಟರಿನಲ್ಲಿ ಬಂದ ಬಿಳಿಯ ರೈತನೊಬ್ಬ, ನಾವು ಕೇಳುವ ಮೊದಲೇ ಸರಪಳಿ ತೆಗೆದು ಬಂಪರಿನ ಕೆಳಗೆ ಕೊಕ್ಕೆ ಹಾಕಿದ. ಕಾರು ಮೇಲೆ ಬಂದ ಮೇಲೆ, ಆ ಬೋರ್ಡು ನೋಡಲು ಬಂದಿರಾ ಎಂದು ಕೇಳಿದ. ಹೌದೆಂದೆ. ಅವನು ತಲೆಯಾಡಿಸಿ, ಮುಂದೆ ದಾರಿ ಗಟ್ಟಿಯಿದೆ ಎಂದಷ್ಟೇ ಹೇಳಿ, ಕೊಡಲು ಹೋದ ಹಣವನ್ನು ತೆಗೆದುಕೊಳ್ಳದೆ ಹೊರಟುಹೋದ. ಅವನ ಮನಸ್ಸಿನಲ್ಲಿ ಏನಿತ್ತೆಂದು ನಾನು ಊಹಿಸಲು ಹೋಗುವುದಿಲ್ಲ.

ನದಿಯ ದಂಡೆಯಲ್ಲಿ ಮರಗಳ ನಡುವಿನ ತೆರಪಿನಲ್ಲಿ ಆ ಫಲಕ ನಿಂತಿದೆ. ಇದು ಅಲ್ಲಿ ನಿಂತ ನಾಲ್ಕನೆಯದು. ಆಯೋಗವು 2008ರಲ್ಲಿ ಟಿಲ್ ಕಥೆಯ ಎಂಟು ಜಾಗಗಳಲ್ಲಿ ನೇರಳೆ ಬಣ್ಣದ ಫಲಕಗಳನ್ನು ನೆಟ್ಟಿತ್ತು. ಇಲ್ಲಿಯದನ್ನು ಅದೇ ವರ್ಷ ಯಾರೋ ಕಿತ್ತು ನದಿಗೆ ಎಸೆದರು. ಕೊಂದು ನದಿಗೆ ಎಸೆದ ಹುಡುಗನ ನೆನಪನ್ನೂ ಅದೇ ನದಿಗೆ ಎಸೆದಂತಾಯಿತು. ಎರಡನೆಯ ಫಲಕವನ್ನು ನೆಟ್ಟರೆ ಅದಕ್ಕೆ ಗುಂಡು ಹಾರಿಸತೊಡಗಿದರು. ವರ್ಷಗಳ ಕಾಲ ಏಟು ತಿಂದ ಆ ತಗಡಿನ ತೂತುಗಳ ಲೆಕ್ಕ 317. 2021ರಲ್ಲಿ ವಾಷಿಂಗ್ಟನ್‌ನ ರಾಷ್ಟ್ರೀಯ ಅಮೆರಿಕನ್ ಇತಿಹಾಸ ವಸ್ತುಸಂಗ್ರಹಾಲಯ ಅದನ್ನು ಹಾಗೆಯೇ ಪ್ರದರ್ಶನಕ್ಕೆ ಇಟ್ಟಿತು. ಮೂರನೆಯದನ್ನು 2018ರ ಜೂನ್‌ನಲ್ಲಿ ನೆಟ್ಟರು, 35 ದಿನಗಳಲ್ಲಿ ಅದಕ್ಕೂ ಗುಂಡು ಬಿತ್ತು. ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಮೂವರು ವಿದ್ಯಾರ್ಥಿಗಳು ಬಂದೂಕು ಹಿಡಿದು, ತೂತುಬಿದ್ದ ಆ ಫಲಕದ ಪಕ್ಕದಲ್ಲಿ ನಗುತ್ತ ತೆಗೆಸಿಕೊಂಡ ಚಿತ್ರ 2019ರ ಜುಲೈನಲ್ಲಿ ಪತ್ರಿಕೆಗಳಿಗೆ ಬಂತು. ಅದೇ ಅಕ್ಟೋಬರಿನಲ್ಲಿ ನಾಲ್ಕನೆಯದನ್ನು ಪ್ರತಿಷ್ಠಾಪಿಸಿದರು: ಅರ್ಧ ಅಂಗುಲ ದಪ್ಪದ ಗಡಸು ಉಕ್ಕು, ಅದರ ಮೇಲೆ ಗುಂಡು ತಡೆಯುವ ಪಾರದರ್ಶಕ ಹಾಳೆ, ಒಟ್ಟು ತೂಕ ಇನ್ನೂರ ಇಪ್ಪತ್ತೈದು ಕಿಲೋಗೂ ಮೇಲೆ, ಕಾವಲಿಗೆ ಕ್ಯಾಮೆರಾ. ಎರಡು ವಾರ ಕಳೆಯುವಷ್ಟರಲ್ಲಿ ಬಿಳಿಯರ ಮೇಲ್ಮೆ ಸಾರುವ ಗುಂಪೊಂದು ಅದರ ಮುಂದೆ ಬಾವುಟ ಹಿಡಿದು ವಿಡಿಯೊ ಮಾಡಿಕೊಳ್ಳುತ್ತಿದ್ದಾಗ ಎಚ್ಚರಿಕೆಯ ಗಂಟೆ ಕೂಗಿ, ಗುಂಪು ಓಡಿಹೋಯಿತು.

ನಾನು ಹತ್ತಿರ ಹೋಗಿ ಅಂಗೈ ಇಟ್ಟೆ. ಮೇಲಿನ ಹಾಳೆ ಮಳೆಗೆ ತೊಯ್ದು ತಣ್ಣಗಿತ್ತು, ಬೆರಳಿನಿಂದ ತಟ್ಟಿದರೆ ಫಲಕದ ಸದ್ದಿಲ್ಲ, ಬಂಡೆಯ ಸದ್ದು. ಅಕ್ಷರಗಳ ಮೇಲೆ ನೀರಿನ ಹನಿಗಳು ಜಾರುತ್ತಿದ್ದವು. ಈ ಬರಹದ ವಿಶೇಷವೆಂದರೆ ಅದು ಟಿಲ್ ಕಥೆಗೆ ನಿಲ್ಲದೆ ತನ್ನ ಕಥೆಯನ್ನೂ ಹೇಳಿಕೊಳ್ಳುತ್ತದೆ: ಇಲ್ಲಿ ನಿಲ್ಲಿಸಿದ ಫಲಕಗಳನ್ನು ಕದ್ದರು, ನದಿಗೆ ಎಸೆದರು, ಬದಲಿ ತಂದರು, ಗುಂಡಿಟ್ಟರು, ಮತ್ತೆ ಬದಲಿ ತಂದರು, ಮತ್ತೆ ಕೆಡಿಸಿದರು ಎಂದು ಸಾಲಾಗಿ ಹೇಳಿ, ಈ ಜಾಗ ಸಾಧಿಸಿದ ಪ್ರಗತಿಗೂ ಇನ್ನೂ ಸಾಧಿಸಬೇಕಾದ ಪ್ರಗತಿಗೂ ಗುರುತು ಎಂಬ ಜೆರೋಮ್ ಲಿಟಲ್ ಅವರ ಮಾತನ್ನು ನೆನೆಯುತ್ತದೆ. ಫಲಕ ಬರೆಸಿದವರು ಇಲ್ಲಿ ಬಹಳ ಸರಿಯಾದ ಕೆಲಸ ಮಾಡಿದ್ದಾರೆ ಎಂದು ನನ್ನ ಎಣಿಕೆ. 1955ರ ಸಂಗತಿ ಮುಗಿದುಹೋದದ್ದು ಎನ್ನುವವರಿಗೆ 317 ತೂತುಗಳಿಗಿಂತ ಬೇರೆ ಉತ್ತರ ಬೇಕಿಲ್ಲ.

ಭಾವ ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಬರೀ ಕಾಲುಚೀಲದಲ್ಲಿ ನಿಂತು ಎರಡು ಸಲ ಓದಿದರು. “ನಮ್ಮ ಶಾಸನಗಳಲ್ಲಿ ಕೊನೆಗೆ ಶಾಪಾಶಯ ಇರುತ್ತದಲ್ಲ” ಎಂದರು. “ಇದನ್ನು ಅಳಿದವನು ವಾರಣಾಸಿಯಲ್ಲಿ ಸಾವಿರ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುತ್ತಾನೆ ಅಂತ. ಯಾಕೆ ಬರೆಸುತ್ತಿದ್ದರು? ಅಳಿಯುವವರು ಇದ್ದೇ ಇರುತ್ತಾರೆ ಅಂತ ಬರೆಸುವವನಿಗೆ ಮೊದಲೇ ಗೊತ್ತು. ಇವರು ಪಾಪದ ಭಯ ಹಾಕುವ ಬದಲು ಉಕ್ಕು ಹಾಕಿದ್ದಾರೆ.” ಶಾಸನದ ಶಾಪ ದಾನದ ಭೂಮಿಯನ್ನು ಕಾಯುವುದಕ್ಕೆ, ಬರೀ ನೆನಪನ್ನು ಕಾಯುವುದಕ್ಕಲ್ಲ ಎಂದು ನಾನು ತಕರಾರು ತೆಗೆದೆ. “ನೆನಪಿಗೂ ಒಡೆತನ ಇರುತ್ತದೆ, ಇಲ್ಲದಿದ್ದರೆ ಯಾಕೆ ಗುಂಡು ಹೊಡೆಯುತ್ತಾರೆ?” ಎಂದರು. ನಾನು ಸುಮ್ಮನಾದೆ. ‘ಸ್ಥಿತಿ’ ಕಾಲಮಿನಲ್ಲಿ ಈ ಫಲಕಕ್ಕೆ ಅವರು ಅರ್ಧ ಪುಟ ಬರೆದರು, ಹಿಂದಿನ ಮೂರಕ್ಕೂ ಸೇರಿಸಿ.

2023ರ ಜುಲೈ 25ರಂದು, ಟಿಲ್ ಬದುಕಿದ್ದರೆ 82 ತುಂಬುತ್ತಿದ್ದ ದಿನ, ಅಧ್ಯಕ್ಷ ಬೈಡನ್ ಈ ದಂಡೆಯನ್ನೂ ಸಮ್ನರ್ ಕೋರ್ಟನ್ನೂ ಶಿಕಾಗೋದಲ್ಲಿ ಅಂತ್ಯಕ್ರಿಯೆ ನಡೆದ ರಾಬರ್ಟ್ಸ್ ಟೆಂಪಲ್ ಚರ್ಚನ್ನೂ ಒಟ್ಟುಗೂಡಿಸಿ, ತಾಯಿ ಮಗ ಇಬ್ಬರ ಹೆಸರಿನಲ್ಲಿ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. ತಾಯಿಯ ಹೆಸರೂ ಸೇರಿದ್ದು ಉಚಿತವಾಯಿತು.

ನಾಲ್ಕನೆಯ ದಿನ

ಗ್ರೀನ್‌ವುಡ್‌ನಲ್ಲಿ ರಾತ್ರಿ ತಂಗಿದ್ದೆವು. ಬೆಳಿಗ್ಗೆ ಭಾವನಿಗೆ ಬೂಟು ಕೊಡಿಸಿ, 2022ರ ಅಕ್ಟೋಬರಿನಲ್ಲಿ ಅನಾವರಣಗೊಂಡ ಟಿಲ್‌ನ ಒಂಬತ್ತಡಿ ಎತ್ತರದ ಕಂಚಿನ ಪ್ರತಿಮೆ ನೋಡಿ, ನಾಗರಿಕ ಹಕ್ಕುಗಳ ಹೋರಾಟಗಾರ ಸ್ಟೋಕ್ಲಿ ಕಾರ್ಮೈಕಲ್ 1966ರ ಜೂನ್ 16ರಂದು ‘ಬ್ಲ್ಯಾಕ್ ಪವರ್’ ಎಂದು ಕೂಗಿದ ಬ್ರಾಡ್ ಸ್ಟ್ರೀಟ್ ಮೈದಾನದ ಫಲಕ ಓದಿ, ಮನಿಯ ದಾರಿ ಹಿಡಿದೆವು. ದಾರಿಯಲ್ಲಿ ಲಿಟಲ್ ಜಯನ್ ಚರ್ಚಿನ ಸ್ಮಶಾನದಲ್ಲಿ ಬ್ಲೂಸ್ ಗಾಯಕ ರಾಬರ್ಟ್ ಜಾನ್ಸನ್‌ನ ಸಮಾಧಿಯ ಕಲ್ಲಿದೆ. 1938ರಲ್ಲಿ ತೀರಿಕೊಂಡ ಅವನಿಗೆ ಈ ಸುತ್ತಿನಲ್ಲಿ ಮೂರು ಸಮಾಧಿ ಕಲ್ಲುಗಳಿವೆ. ಒಬ್ಬನಿಗೆ ಮೂರು ಕಲ್ಲು, ಮೂರಕ್ಕೂ ಹೂವು. ಇನ್ನೊಬ್ಬನಿಗೆ ನಾಲ್ಕು ಫಲಕ, ಮೂರಕ್ಕೆ ಉಳಿಗಾಲವಿರಲಿಲ್ಲ.

ಮನಿ ಈಗ ಊರೆನ್ನುವಷ್ಟೂ ಇಲ್ಲ. ಒಂದು ಬದಿಗೆ ರೈಲು ಹಳಿ, ಇನ್ನೊಂದು ಬದಿಗೆ ರಸ್ತೆಗೆ ಮುಖ ಮಾಡಿದ ಬ್ರಯಂಟ್ ಅಂಗಡಿಯ ಅವಶೇಷ. ಬಿಡುಗಡೆಯ ನಂತರ ಕಪ್ಪು ಗಿರಾಕಿಗಳು ಬಹಿಷ್ಕರಿಸಿದ್ದರಿಂದ ಬ್ರಯಂಟ್ ಕೆಲವೇ ವಾರಗಳಲ್ಲಿ ಅಂಗಡಿ ಮುಚ್ಚಬೇಕಾಯಿತು. ಅವನಿಗೆ ಆದ ಶಿಕ್ಷೆಯೆಂದರೆ ಅದೊಂದೇ. ಕಟ್ಟಡ ಬಹುಕಾಲದಿಂದ ಅಂದಿನ ಜ್ಯೂರರ್ ಒಬ್ಬರ ಕುಟುಂಬದ ಒಡೆತನದಲ್ಲಿದೆ. ಫ್ರೀಡಂ ಟ್ರೇಲ್‌ನ ಮೊಟ್ಟಮೊದಲ ಫಲಕವನ್ನು 2011ರಲ್ಲಿ ನೆಟ್ಟದ್ದು ಈ ಅಂಗಡಿಯ ಮುಂದೆ. 2017ರಲ್ಲಿ ಅದನ್ನು ಮೊದಲು ಗೀಚಿದರು, ತಿಂಗಳ ಮೇಲೆ ಹಿಂಬದಿಯ ಚಿತ್ರ ಮತ್ತು ಬರಹದ ಪದರವನ್ನೇ ಸುಲಿದು ಹಾಕಿದರು. ಆಮೇಲೆ ಅದನ್ನು ಸರಿಪಡಿಸಲಾಗಿದೆ.

ವಿಚಿತ್ರವೆಂದರೆ ಅಂಗಡಿಯ ಪಕ್ಕದ ಹಳೆಯ ಪೆಟ್ರೋಲ್ ಬಂಕು. ಅಂಗಡಿ ಚಾವಣಿ ಕಳಚಿ, ಗೋಡೆ ಕುಸಿದು, ಬಳ್ಳಿ ಮುಸುಕಿ ನಿಂತಿದ್ದರೆ, ಬಂಕು ಹೊಸ ಬಣ್ಣ, ಹಳೆಯ ಶೈಲಿಯ ಪಂಪುಗಳೊಡನೆ ನಿನ್ನೆ ಕಟ್ಟಿದಂತಿದೆ. ನಾಗರಿಕ ಹಕ್ಕುಗಳ ಸ್ಥಳಗಳಿಗೆಂದು ರಾಜ್ಯ ಮೀಸಲಿಟ್ಟ ನಿಧಿಯಿಂದ 2011ರಲ್ಲಿ ಎರಡು ಲಕ್ಷ ಡಾಲರಿಗೂ ಹೆಚ್ಚು ಹಣ ಈ ಬಂಕಿನ ಜೀರ್ಣೋದ್ಧಾರಕ್ಕೆ ಹೋಯಿತು. ಆ ಕಾಲದಲ್ಲಿ ಜನ ಇದರ ಜಗಲಿಯಲ್ಲಿ ಕುಳಿತು ವಿಚಾರಣೆಯ ಬಗ್ಗೆ ಮಾತನಾಡಿಕೊಂಡಿರಬಹುದು ಎಂಬುದು ಅರ್ಜಿಯಲ್ಲಿ ಕೊಟ್ಟ ಸಮರ್ಥನೆಗಳಲ್ಲೊಂದು. ಟಿಲ್ ಕಾಲಿಟ್ಟ ಅಂಗಡಿಗೆ ಒಂದು ಹೆಂಚಿನ ಹಣವೂ ಬರಲಿಲ್ಲ. ಯಾವುದು ಉಳಿಯಬೇಕೆಂದು ತೀರ್ಮಾನಿಸುವ ಅಧಿಕಾರ ಆಸ್ತಿಯ ಪತ್ರ ಇಟ್ಟುಕೊಂಡವನ ಕೈಯಲ್ಲಿರುತ್ತದೆ ಎಂಬುದನ್ನು ಇಷ್ಟು ಬಣ್ಣ ಹಚ್ಚಿ ತೋರಿಸಿದ ಜಾಗ ಬೇರೊಂದಿರಲಾರದು.

ಭಾವ ಫಲಕದ ಎರಡೂ ಮಗ್ಗುಲನ್ನು ನಕಲು ಮಾಡಿಕೊಂಡರು. ‘ಸ್ಥಿತಿ’ಯಲ್ಲಿ ‘ಹಿಂಬದಿ ಹೊಸದಾಗಿ ಬರೆಸಿದ್ದು’ ಎಂದು ಗುರುತು ಹಾಕಿದರು. ಆಮೇಲೆ ರಸ್ತೆ ದಾಟಿ ಹಳಿಯ ಬಳಿ ಹೋಗಿ, ಅಂಗಡಿಯನ್ನು ನೋಡುತ್ತ ಬಹಳ ಹೊತ್ತು ನಿಂತರು.

“ಇದನ್ನು ಎಲ್ಲಿ ಬರೆದುಕೊಳ್ಳಲಿ?” ಎಂದು ಕೇಳಿದರು. “ಇದರ ಮೇಲೆ ಅಕ್ಷರವೇ ಇಲ್ಲ.”

“ಸ್ಥಳ, ಕಾಲ ಗೊತ್ತಲ್ಲ ಭಾವ, ಬರೆಯಿರಿ” ಎಂದೆ.

ಸ್ಥಳ ಎಂಬಲ್ಲಿ ಮನಿ ಎಂದೂ, ಕಾಲ ಎಂಬಲ್ಲಿ 24-8-1955 ಎಂದೂ ಬರೆದರು. ಬರೆಸಿದವರು ಎಂಬ ಕಾಲಮಿಗೆ ಅಡ್ಡಗೆರೆ ಎಳೆದರು. ಸ್ಥಿತಿ ಎಂಬಲ್ಲಿ ‘ಚಾವಣಿ ಇಲ್ಲ. ಉತ್ತರದ ಗೋಡೆ ಬಿದ್ದಿದೆ. ಒಳಗೆ ಮರ ಬೆಳೆದಿದೆ’ ಎಂದು ಬರೆದು, ಪೆನ್ನಿನ ಮುಚ್ಚಳ ಹಾಕಿ ಕಾರಿನ ಕಡೆಗೆ ನಡೆದರು.